ಬುಜ್ಜಿಯ ಆಪರೇಷನ್ನೂ ಮುನಿವೆಂಕಟಪ್ಪನ ಪಥ್ಯವೂ

ಸಾದಲಿ ಹೋಬಳಿಯಲ್ಲಿ ಇಲಿ ಕುಲಕ್ಕೆ ಯಮ ಯಾರು ಎಂದು ಕೇಳಿದರೆ ತೊಟ್ಟಿಲ ಕೂಸೂ ಬಾಯಿಂದ ಬೆರಳು ತೆಗೆದು ಮುನಿವೆಂಕಟಪ್ಪನ ಮನೆ ಕಡೆ ತೋರಿಸುತ್ತಿತ್ತು. ರೇಷ್ಮೆ ಹುಳು ಸಾಕುವವನಿಗೆ ಇಲಿಗಿಂತ ದೊಡ್ಡ ಶತ್ರು ಇಲ್ಲ. ಗೂಡು ಕಟ್ಟಲು ಹಣ್ಣಾದ ಹುಳುವೂ ಕಟ್ಟಿದ ಗೂಡೂ ಅದಕ್ಕೆ ಮದುವೆ ಊಟ. ನಲವತ್ತು ವರ್ಷದಲ್ಲಿ ಮುನಿವೆಂಕಟಪ್ಪ ಕೊಂದ ಇಲಿಗಳನ್ನು ಬಾಲಕ್ಕೆ ಬಾಲ ಕಟ್ಟಿದ್ದರೆ ಆ ಹಗ್ಗ ಶಿಡ್ಲಘಟ್ಟ ದಾಟಿ, ಚಿಂತಾಮಣಿ ಬಸ್ ಸ್ಟ್ಯಾಂಡಿಗೆ ಎರಡು ಸುತ್ತು ಹಾಕಿ, ಗಂಟು ಬಿಗಿಯಲು ಇನ್ನೂ ಮೊಳದುದ್ದ ಮಿಗುತ್ತಿತ್ತು. ಒಮ್ಮೆ ಅವನು ಸೀನಿದ ರಭಸಕ್ಕೇ ಅಟ್ಟದಿಂದ ಏಳು ಇಲಿ ಸತ್ತು ಬಿದ್ದವು. ಉಳಿದವು ಸಂಸಾರ ಸಮೇತ ತೊಂಡೇಬಾವಿಗೆ ನಡೆದು, ಅಲ್ಲಿ ರೈಲು ಹತ್ತಿ ದೇಶಾಂತರ ಹೋದವು. ಇದನ್ನು ಕಣ್ಣಾರೆ ಕಂಡವರು ಇದ್ದಾರೆ. ಸುಳ್ಳು ಎನ್ನುವವರು ಇಲಿಗಳ ಕಡೆಯವರು.

ಇಂಥ ಮುನಿವೆಂಕಟಪ್ಪನ ಎಡ ಹೆಗಲ ಮೇಲೆ ಐದು ತಿಂಗಳಿಂದ ಒಂದು ಇಲಿ ಕೂರುತ್ತಿತ್ತು.

ತಂದವಳು ಮೊಮ್ಮಗಳು ಹರಿತಾ. ಚಿಕ್ಕಬಳ್ಳಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುವವಳು. ಗೌರಿಬಿದನೂರಿನ ಗೆಳತಿ ಸಾಕಲಾರದೆ ಬಿಟ್ಟ ಹೆಣ್ಣು ಇಲಿಯನ್ನು ಪಂಜರ ಸಮೇತ ಇಸಕೊಂಡಳು. ಹಾಸ್ಟೆಲಿನವರು ಒಳಗೆ ಬಿಡಲಿಲ್ಲ. ನೇರ ತಾತನ ಮನೆಗೆ ಬಂದಳು.

"ತಾತ, ಇದು ಮನೇಲಿ ಸಾಕೋ ಇಲಿ. ಹೆಸರು ಬುಜ್ಜಿ. ಒಂದೇ ಒಂದು ವಾರ ಇಟ್ಕೋ ತಾತ, ಪ್ಲೀಸ್."

ಮೈಯೆಲ್ಲ ಹಾಲು ಬಿಳುಪು, ತಲೆಗೆ ಮಾತ್ರ ಮಂಕಿ ಟೋಪಿ ಹಾಕಿದಂತೆ ಕಪ್ಪು. ಮುನಿವೆಂಕಟಪ್ಪ ರೂಢಿಯಂತೆ ಪೊರಕೆ ಎತ್ತಿದ. ಬುಜ್ಜಿ ಓಡಲಿಲ್ಲ. ಮೂಗು ಅಲ್ಲಾಡಿಸುತ್ತ ಬಂದು ಅವನ ಹೆಬ್ಬೆರಳು ನೆಕ್ಕಿತು, ತೋಳು ಹತ್ತಿತು, ಹೆಗಲ ಮೇಲೆ ಕೂತು ಅವನ ಕಿವಿಯ ಕೂದಲನ್ನು ಒಂದೊಂದಾಗಿ ಬಾಚತೊಡಗಿತು. ನಲವತ್ತು ವರ್ಷದಲ್ಲಿ ಆ ಕಿವಿಯ ಬಗ್ಗೆ ಯಾರೂ ಅಷ್ಟು ಕಾಳಜಿ ತೋರಿಸಿರಲಿಲ್ಲ. ಪೊರಕೆ ತಾನಾಗಿ ಕೆಳಗೆ ಬಿತ್ತು.

ಒಂದು ವಾರ ಐದು ತಿಂಗಳಾಯಿತು. ಹೆಗಲ ಮೇಲೆ ಟವೆಲ್ ಹೊದ್ದು, ಅದರಡಿ ಬುಜ್ಜಿಯನ್ನು ಕೂರಿಸಿಕೊಂಡೇ ಅವನು ತೋಟಕ್ಕೆ ಹೋಗುತ್ತಿದ್ದ. ಖುಷಿಯಾದರೆ ಬುಜ್ಜಿ ಹಲ್ಲು ಕಟಕಟ ಮಸೆಯುತ್ತಿತ್ತು. ಆ ಸದ್ದು ಕೇಳಿದರೆ ಮುನಿವೆಂಕಟಪ್ಪನ ಬಿ.ಪಿ. ಇಳಿಯುತ್ತಿತ್ತು. ಎದುರು ಮನೆಯ ಕೋನಪ್ಪ, ಅವನೂ ಹುಳು ಸಾಕುವವನೇ, ಒಂದು ದಿನ ಟವೆಲಿನಿಂದ ಬಾಲ ಇಣುಕಿದ್ದನ್ನು ಕಂಡುಬಿಟ್ಟ.

"ಏಮಣ್ಣಾ, ಇದೇನು ಹೆಗಲ ಮೇಲೆ?"

"ಶತ್ರು ಕಡೆಯೋಳು ಕಣಯ್ಯ. ಹಿಡ್ಕೊಂಡು ವಿಚಾರಣೆ ಮಾಡ್ತಾ ಇದೀನಿ."

"ಐದು ತಿಂಗಳಿಂದಾನಾ?"

"ಬಾಯಿ ಬಿಡ್ತಾ ಇಲ್ಲ."

ಮನೆಯೊಳಗೆ ಮಾತ್ರ ವರಲಕ್ಷ್ಮಮ್ಮನಿಗೆ ಇದು ಬಿಲ್‌ಕುಲ್ ಸರಿಬರಲಿಲ್ಲ. ಮುನಿವೆಂಕಟಪ್ಪನ ಹೆಂಡತಿ ಆಕೆ. ಅವನಿಗೆ ಹೆದರದ ಏಕೈಕ ಜೀವ. ಬುಜ್ಜಿಯನ್ನು ಆಕೆ ಒಂದು ದಿನವೂ ಮುಟ್ಟಿರಲಿಲ್ಲ. ನಾಲ್ಕು ದಿನ ಬುಜ್ಜಿ ತಾನಾಯಿತು ತನ್ನ ಕಳ್ಳತನವಾಯಿತು ಎಂದಿರುತ್ತಿತ್ತು. ಐದನೇ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಶುರು. ಕಿವಿ ಫ್ಯಾನಿನಂತೆ ಗಿರಗಿರ ಅದುರುತ್ತಿತ್ತು, ಬೆನ್ನು ಮುಟ್ಟಿದರೆ ಚಿಮ್ಮುತ್ತಿತ್ತು. ಟಿ.ವಿ.ಯಿಂದ ಕ್ಯಾಲೆಂಡರಿಗೆ, ಕ್ಯಾಲೆಂಡರಿನಿಂದ ದೇವರ ಗೂಡಿಗೆ ಹಾರುವ ವೇಗಕ್ಕೆ ಗೋಡೆಯ ಸುಣ್ಣ ಉದುರುತ್ತಿತ್ತು. ಒಂದು ಸಲವಂತೂ ಬೀಸಿದ ಗಾಳಿಗೇ ದೀಪ ಆರಿತು.

"ಊರ ದೇವ್ರೂ ವರ್ಷಕ್ಕೊಂದ್ಸಲ ಮೈಮೇಲೆ ಬರೋದು," ಎಂದಳು ವರಲಕ್ಷ್ಮಮ್ಮ. "ಈ ಮಹಾತಾಯಿಗೆ ಐದು ದಿನಕ್ಕೊಂದ್ಸಲ! ಬೆದೆಗೆ ಬಂದೈತೆ ರೀ ಅದು. ಹಿಂದಿನ ಮೋರಿ ಹತ್ರ ಒಂದು ಹೆಗ್ಗಣ ಮೂರು ದಿನದಿಂದ ಮೀಸೆ ತಿರುವ್ಕೊಂಡು ಕಾಯ್ತಾ ಐತೆ. ಅಳಿಯನ್ನ ಮಾಡ್ಕೊಂತೀರಾ? ಒಂದೇ ಹೆರಿಗೆಗೆ ಹನ್ನೆರಡು ಮರಿ. ಆಮೇಲೆ ಹುಳು ಮನೇಲಿ ಹುಳ ಇರೋದಾ, ಮೊಮ್ಮಕ್ಕಳಿರೋದಾ?"

ಹರಿತಾಗೆ ಫೋನ್ ಹೋಯಿತು. ಆಕೆ ಎಲ್ಲ ವಿಚಾರಿಸಿಯೇ ಇಟ್ಟಿದ್ದಳು. "ಅಜ್ಜಿ, ಆಪರೇಷನ್ ಮಾಡಿಸ್ಬೋದು. ಚಿಕ್ಕಬಳ್ಳಾಪುರದಲ್ಲಿ ಸಂಘಮಿತ್ರ ಅಂತ ಡಾಕ್ಟರ್ ಇದಾರೆ, ಮಾಡ್ತಾರೆ. ಮಾಡಿಸಿದ್ರೆ ಮುಂದೆ ಇವಕ್ಕೆ ಎದೇಲಿ ಗಡ್ಡೆ ಆಗೋದೂ ಕಮ್ಮಿಯಂತೆ."

"ಹಂಗಾದ್ರೆ ಆಪರೇಷನ್ ಆಗ್ಲಿ. ಇಲ್ಲಾಂದ್ರೆ ಪಂಜರ ಎತ್ಕೊಂಡು ಹೋಗು," ಎಂದು ವರಲಕ್ಷ್ಮಮ್ಮ ತೀರ್ಪು ಕೊಟ್ಟಳು.

ಮುನಿವೆಂಕಟಪ್ಪ ಮೀಸೆ ತೀಡಿದ. ಹೆಗ್ಗಣದ ಭಯ ಅವನಿಗಿರಲಿಲ್ಲ, ಅದನ್ನು ಬರೀ ಕೆಮ್ಮಿ ಕೊಲ್ಲಬಲ್ಲ. ಅವನ ಭಯ ಬೇರೆ. ಆಪರೇಷನ್ ಆದ ಮೇಲೆ ಬುಜ್ಜಿ ಬುಜ್ಜಿಯಾಗಿಯೇ ಉಳಿಯುತ್ತಾಳಾ? ಹೆಗಲಿಗೆ ಬರುತ್ತಾಳಾ, ಕಿವಿ ಬಾಚುತ್ತಾಳಾ, ಹಲ್ಲು ಕಟಕಟ ಎನ್ನಿಸುತ್ತಾಳಾ? ಇಲ್ಲ, ಅಂಗಡಿ ಬೊಂಬೆಯಂತೆ ಮೂಲೆಯಲ್ಲಿ ಕೂತುಬಿಡುತ್ತಾಳಾ?

ಯಾರನ್ನಾದರೂ ಕೇಳಬೇಕು, ಆದರೆ ಕೇಳಿದ್ದು ಗೊತ್ತಾಗಬಾರದು. ಕೋನಪ್ಪನ ಜಗಲಿಗೆ ಹೋಗಿ, ಹಿಪ್ಪುನೇರಳೆ ಸೊಪ್ಪು, ಮಳೆ, ಮೋಟಾರು ಎಲ್ಲ ಮಾತಾಡಿ, "ಅಲ್ಲಪ್ಪಾ, ಈ ಮಕ್ಕಳಾಗ್ದಂಗೆ ಮಾಡೋ ಆಪರೇಷನ್ನಿಂದ ಸ್ವಭಾವ ಬದಲಾಗ್ತೈತಾ? ಸುಮ್ನೆ ಕೇಳ್ದೆ," ಎಂದ.

ಕೋನಪ್ಪ ಎದೆಯುಬ್ಬಿಸಿದ. "ನನ್ನೇ ನೋಡಣ್ಣ. ಕ್ಯಾಂಪಲ್ಲಿ ಮಾಡಿಸ್ಕೊಂಡು ಮೂವತ್ತು ವರ್ಷ ಆಯ್ತು. ಅವತ್ತಿಂದ ಸಿಟ್ಟು, ಸೆಡವು ಎಲ್ಲ ಮಾಯ. ಗೋವಾಗ್ಬಿಟ್ಟೆ."

ಒಳಗಿನಿಂದ ಅವನ ಹೆಂಡತಿ ಗಂಗುಲಮ್ಮನ ದನಿ ಬಂತು. "ಅಯ್ಯೋ ರಾಮಾ, ಅದಕ್ಮುಂಚೆ ಹುಲಿಯಾಗಿದ್ದ ಪಾಪ! ಆವಾಗ್ಲೂ ಸೊಪ್ಪು ಕುಯ್ಯೋಕೆ ಕರೆದ್ರೆ ಸೊಂಟ ಹಿಡ್ಕೊಂತಿದ್ದ, ಈಗ್ಲೂ ಹಿಡ್ಕೊಂತಾನೆ. ಅವರು ಕುಯ್ದಿದ್ದು ಒಂದು ಕಡೆ, ಈವಯ್ಯನ ಸೋಮಾರಿತನ ಇದ್ದಿದ್ದು ಇನ್ನೊಂದು ಕಡೆ."

ಗಂಗುಲಮ್ಮನ ಮಾತು ಲಕ್ಷ ಬೆಲೆಯದು. ಮುನಿವೆಂಕಟಪ್ಪನ ಕಿವಿಗೆ ಹೊಕ್ಕಿದ್ದು ಮಾತ್ರ 'ಗೋವಾಗ್ಬಿಟ್ಟೆ' ಎಂಬುದೊಂದೇ.

ಸೋಮವಾರ ಪಂಜರಕ್ಕೆ ಟವೆಲ್ ಹೊದಿಸಿ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ. ಕ್ಲಿನಿಕ್ಕಿನಲ್ಲಿ ಹರಿತಾ ಕಾಯುತ್ತಿದ್ದಳು. ಬೆಂಚಿನ ಮೇಲೆ ಕರುವಿನಷ್ಟು ದೊಡ್ಡ ನಾಯಿ ಹಿಡಿದಿದ್ದ ಹೆಂಗಸೊಬ್ಬಳು ಕೇಳಿದಳು, "ಏನು ಯಜಮಾನ್ರೆ, ಗಿಣೀನಾ?"

"ಹೂಂ."

"ಮಾತಾಡ್ತಾ?"

"ಸೋಮವಾರ ಮೌನ."

ಡಾಕ್ಟರ್ ಸಂಘಮಿತ್ರ ಬುಜ್ಜಿಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. ಆರೋಗ್ಯ ಚೆನ್ನಾಗಿದೆ, ಈವತ್ತೇ ಮಾಡೋಣ ಎಂದರು. ಮುನಿವೆಂಕಟಪ್ಪ ಗಂಟಲು ಸರಿಮಾಡಿಕೊಂಡ. ಅದೇ ಗಂಟಲಿನಲ್ಲಿ ಅವನು ಗದರಿಸಿದರೆ ಮೂರು ಊರಿನಾಚೆ ಎತ್ತುಗಳು ದಾರಿ ಬಿಡುತ್ತಿದ್ದವು. ಈಗ ಹೊರಬಂದದ್ದು ಕೀರಲು ದನಿ.

"ಡಾಕ್ಟರಮ್ಮ, ಇದರ ಸ್ವಭಾವ..."

"ಐದು ದಿನಕ್ಕೊಮ್ಮೆ ಬರೋ ಹುಚ್ಚು ಕುಣಿತ ನಿಲ್ಲುತ್ತೆ. ಸ್ವಲ್ಪ ದಪ್ಪ ಆಗ್ಬೋದು. ಉಳಿದಿದ್ದೆಲ್ಲ ಹೆಚ್ಚು ಕಮ್ಮಿ ಹಂಗೇ. ಕದಿಯೋಳು ಕದೀತಾಳೆ, ನಾಚ್ಕೊಳೋಳು ನಾಚ್ಕೊಂತಾಳೆ."

"ಹೆಗಲಿಗೆ ಬರೋಳು?"

ಡಾಕ್ಟರು ನಕ್ಕರು. "ನಾನು ತೆಗೆಯೋದು ಗರ್ಭಕೋಶ, ಅಂಡಾಶಯ. ನೆನಪಿಗೆ ಕೈ ಹಾಕಲ್ಲ ಯಜಮಾನ್ರೆ."

ಹರಿತಾ ತಾತನನ್ನೇ ನೋಡಿದಳು. ತಾತ ಗೋಡೆಗೆ ಅಂಟಿಸಿದ್ದ ರೇಬೀಸ್ ಪೋಸ್ಟರನ್ನು ಬಲು ಆಸಕ್ತಿಯಿಂದ ಓದುತ್ತಿದ್ದ.

ಆಪರೇಷನ್ ನಡೆದ ಅಷ್ಟೂ ಹೊತ್ತು ಅವನು ಹೊರಗೆ ಹಿಂದಕ್ಕೂ ಮುಂದಕ್ಕೂ ನಡೆದ. ಮೋರಿಯ ಮೇಲಿನ ಚಪ್ಪಡಿ ಎರಡು ಅಂಗುಲ ಸವೆಯಿತು. ಮಧ್ಯಾಹ್ನದ ಹೊತ್ತಿಗೆ ಬುಜ್ಜಿ ಹೊರಬಂದಳು. ಹೊಟ್ಟೆಯ ಮೇಲೆ ಹೊಲಿಗೆ, ಕಣ್ಣಲ್ಲಿ ಮಂಪರು. ಹರಿತಾಗೆ ಮಾರನೆಯ ದಿನ ಪರೀಕ್ಷೆ. ಬಸ್ ಸ್ಟ್ಯಾಂಡಿನವರೆಗೆ ಬಂದು, ಔಷಧಿ ಸೀಸೆ ತಾತನ ಜೇಬಿಗೆ ಹಾಕಿದಳು.

"ತಾತ, ನೋವಿನ ಔಷಧಿ ದಿನಕ್ಕೆ ಎರಡು ಹನಿ. ಮನೆಗೆ ಹೋಗ್ತಿದ್ದಂಗೇ ತಿನ್ನೋಕೆ ಕೊಡಬೇಕಂತೆ. ಇಲಿ ಹಸ್ಕೊಂಡು ಇರ್ಬಾರದು. ಮರೀಬೇಡ."

"ಯಾರಿಗ್ ಹೇಳ್ತೀಯಮ್ಮ? ಕೋಟಿ ಹುಳ ಸಾಕಿರೋ ಕೈ ಇದು."

ಅನರ್ಥ ಆ ಕೈಯಿಂದಲೇ ಆಯಿತು.

ಮನೆಗೆ ಬಂದು ಟವೆಲ್ ತೆಗೆದು ನೋಡಿದ. ಬುಜ್ಜಿ ಮುಂದಿನ ಮೈ ಸ್ವಲ್ಪ ಎತ್ತಿಕೊಂಡು, ಕಣ್ಣು ಅರ್ಧ ಮುಚ್ಚಿ, ಅಲ್ಲಾಡದೆ ಕೂತಿದ್ದಳು. ಮುನಿವೆಂಕಟಪ್ಪನ ನಲವತ್ತು ವರ್ಷದ ವಿದ್ಯೆ ಒಳಗಿನಿಂದ ಎದ್ದು ನಿಂತಿತು. ಈ ಭಂಗಿ ಅವನಿಗೆ ಗೊತ್ತಿಲ್ಲದ್ದೇ? ರೇಷ್ಮೆ ಹುಳು ಹಳೆ ಪೊರೆ ಕಳಚಿ ಹೊಸ ಮೈ ಪಡೆಯುವ ಮುಂಚೆ ಹೀಗೆಯೇ ತಲೆಯೆತ್ತಿ ಕೂರುತ್ತದೆ. ಆಗ ಒಂದೇ ಕಟ್ಟಳೆ: ಮುಟ್ಟಬಾರದು, ಮಾತಾಡಬಾರದು, ಸೊಪ್ಪು ಹಾಕಬಾರದು. ಎಲ್ಲ ಹುಳುವೂ ಎದ್ದು ಓಡಾಡುವವರೆಗೆ ಒಂದು ಎಲೆಯನ್ನೂ ತೋರಿಸಬಾರದು. ಅವಸರಪಟ್ಟು ಸೊಪ್ಪು ಹಾಕಿದವನ ಬೆಳೆ ಹಾಳು. ಹುಳುವಿಗೆ ಸರಿಯಾದದ್ದು ಇಲಿಗೆ ತಪ್ಪಾಗಲು ಸಾಧ್ಯವೇ? ಡಾಕ್ಟರಮ್ಮ ಓದಿದವರು, ಸರಿ. ಒಂದು ಗೂಡಾದರೂ ಬೆಳೆದಿದ್ದಾರಾ?

ಬೆಳೆ ಮುಗಿದು, ತೊಳೆದು ಸುಣ್ಣ ಹೊಡೆದ ಹುಳು ಮನೆ ಖಾಲಿಯಿತ್ತು. ಪಂಜರವನ್ನು ಅಲ್ಲಿಗೆ ಸಾಗಿಸಿದ. ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟ. ನೀರಿನ ಬಾಟಲಿ ಬಿಟ್ಟ, ಕಾಳಿನ ಬಟ್ಟಲು ಎತ್ತಿಟ್ಟ. ಔಷಧಿ ಮಾತ್ರ ತಪ್ಪದೆ ಎರಡು ಹನಿ ಹಾಕಿದ. ಹೊರಗೆ ಕುರ್ಚಿ ಹಾಕಿ ಕೂತ ಗತ್ತು ನೋಡಿ ಬೀದಿಯಲ್ಲಿ ಹೋಗುವ ಕೋಳಿಗಳೂ ತುದಿಗಾಲಲ್ಲಿ ನಡೆದವು.

"ಏನಾರ ತಿಂತಾ ಅದು?" ಎಂದು ವರಲಕ್ಷ್ಮಮ್ಮ ಕೇಳಿದಳು.

"ಶ್! ಈಗ ತಿನ್ನಂಗಿಲ್ಲ. ಎದ್ಮೇಲೆ."

"ಹೊಟ್ಟೆ ಕುಯ್ದವ್ರೆ ಅಂತೀರಿ..."

"ನಿಂಗೆ ಗೊತ್ತಾಗಲ್ಲ ಹೋಗು. ಇದು ಅನುಭವದ ಮಾತು."

ಹರಿತಾ ಫೋನ್ ಮಾಡಿದಳು. "ತಾತ, ತಿಂದ್ಲಾ?" ಮುನಿವೆಂಕಟಪ್ಪ ಗಂಭೀರವಾಗಿ, "ಎಲ್ಲಾ ಕ್ರಮವಾಗಿ ನಡೀತಾ ಐತಮ್ಮ, ನೀನು ಓದ್ಕೊ," ಎಂದ.

ಸಂಜೆ ಒಳಗೆ ಹೋಗಿ ಪಂಜರದ ಬಾಗಿಲು ತೆರೆದು ಎಡ ಹೆಗಲನ್ನು ತಗ್ಗಿಸಿ ಒಡ್ಡಿದ. "ಬುಜ್ಜೀ... ಅಮ್ಮಣ್ಣೀ..." ಬುಜ್ಜಿ ಕಣ್ಣು ತೆರೆದು ಅವನನ್ನು ನೋಡಿದಳು, ಬಟ್ಟಲಿದ್ದ ಖಾಲಿ ಜಾಗ ನೋಡಿದಳು, ಮುಖ ತಿರುಗಿಸಿದಳು. ಮುನಿವೆಂಕಟಪ್ಪ ಒಡ್ಡಿದ ಹೆಗಲನ್ನು ಹಿಂದಕ್ಕೆ ತೆಗೆದುಕೊಂಡ. ಆಯಿತು. ಗೋವಾಗಿಬಿಟ್ಟಳು. ಕೋನಪ್ಪ ಬಂದು ಇಣುಕಿ, "ನಂಗೂ ಮೊದಲನೇ ದಿನ ಹಿಂಗೇ ಇತ್ತಣ್ಣ, ಯಾರ ಮುಖಾನೂ ನೋಡೋಕೆ ಮನಸಿರ್ಲಿಲ್ಲ," ಎಂದು ಸಮಾಧಾನ ಹೇಳಿ ಇನ್ನಷ್ಟು ಹಾಳು ಮಾಡಿ ಹೋದ.

ಬೆಳಿಗ್ಗೆ ಮುಖ ತೊಳೆದು ಬರುವಷ್ಟರಲ್ಲಿ ಒದ್ದೆ ಗೋಣಿ ಪಕ್ಕಕ್ಕೆ ಸರಿದಿತ್ತು. ಒಳಗೆ ವರಲಕ್ಷ್ಮಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಬುಜ್ಜಿಯನ್ನು ಮುಟ್ಟಲು ಹೇಸುತ್ತಿದ್ದ ಅದೇ ವರಲಕ್ಷ್ಮಮ್ಮ ಹಾಲು ಹಾಕಿ ನುರಿದ ಮೆತ್ತನೆ ಅನ್ನವನ್ನು ಬೆರಳ ತುದಿಯಲ್ಲಿ ಹಿಡಿದಿದ್ದಳು. ಬುಜ್ಜಿ ಎರಡು ಕೈಯಲ್ಲಿ ಆ ಬೆರಳು ಹಿಡಿದುಕೊಂಡು, ಮೂರು ವರ್ಷದ ಬರ ಕಂಡವಳಂತೆ ತಿನ್ನುತ್ತಿದ್ದಳು.

"ಏಯ್! ಏನ್ ಮಾಡ್ತಾ ಇದೀಯ? ಇನ್ನೂ ಎದ್ದಿಲ್ಲ ಅದು!"

"ಹೊಟ್ಟೆಗಿಲ್ದೆ ಎಲ್ಲಿಂದ ಏಳ್ತೈತೆ?" ವರಲಕ್ಷ್ಮಮ್ಮ ತಲೆ ಎತ್ತಲಿಲ್ಲ. "ಹೊಟ್ಟೆ ಕುಯ್ಸ್ಕೊಂಡು ಬಂದಿರೋ ಹೆಣ್ಣು ರೀ ಇದು. ಬಾಣಂತಿ ಥರ ನೋಡ್ಕೊಬೇಕು. ರಾತ್ರಿಯೆಲ್ಲ ಉಪವಾಸ ಕೆಡವಿದ್ದೀರಲ್ಲ, ನಿಮ್ಮ ಅನುಭವಕ್ಕಿಷ್ಟು ಬೆಂಕಿ ಹಾಕ!"

ಮುನಿವೆಂಕಟಪ್ಪ ಸಾಕ್ಷಿಗೆ ಡಾಕ್ಟರಿಗೇ ಫೋನ್ ಮಾಡಿದ. ಸ್ಪೀಕರ್ ಹಾಕಿ, ತಾನು ಅನುಸರಿಸಿದ ಪದ್ಧತಿಯನ್ನು ಮೊದಲಿಂದ ವಿವರಿಸಿದ.

"ಯಜಮಾನ್ರೆ," ಎಂದರು ಸಂಘಮಿತ್ರ, "ಅದು ಹುಳ ಅಲ್ಲ. ಇಲಿಗೆ ಆಪರೇಷನ್ ಮುಂಚೇನೂ ಉಪವಾಸ ಇಲ್ಲ, ಆಮೇಲೂ ಇಲ್ಲ. ಈಗ ಯಾರು ತಿನ್ನಿಸ್ತಾ ಇರೋದು?"

"ನಮ್ಮನೆಯವಳು."

"ಪುಣ್ಯಾತ್ಗಿತ್ತಿ. ಹತ್ತು ದಿನ ಅವರ ಕೈಗೇ ಬಿಡಿ. ಹೊಲಿಗೆ ಮಾಯೋವರ್ಗೂ ಹೆಗಲು, ಅಟ್ಟ ಏನೂ ಹತ್ತಿಸ್ಬೇಡಿ."

ಆ ಗಳಿಗೆಯಿಂದ ಹುಳು ಮನೆ ವರಲಕ್ಷ್ಮಮ್ಮನ ವಶವಾಯಿತು. ಬಾಣಂತನ ಎಂದರೆ ಅಂತಿಂಥ ಬಾಣಂತನವಲ್ಲ. ಮೂರು ಹೊತ್ತು ಬಿಸಿ ಅನ್ನ, ಬೇಯಿಸಿದ ಮೊಟ್ಟೆ, ರಾಗಿ ಅಂಬಲಿ, ಹಾಸಲು ಮೆತ್ತನೆ ಹಳೆ ಸೀರೆ. ಶಿಡ್ಲಘಟ್ಟದ ಯಾವ ಸೊಸೆಗೂ ಅಂಥ ಆರೈಕೆ ಸಿಕ್ಕಿಲ್ಲ. ಸುದ್ದಿ ಕೇಳಿ ನಾಲ್ಕು ಸೊಸೆಯರು ತವರಿಗೆ ಹೋಗಿ ಕೂತರು. ಮುನಿವೆಂಕಟಪ್ಪನಿಗೆ ಮಾತ್ರ ಒಳಗೆ ಪ್ರವೇಶವಿಲ್ಲ. "ಅನುಭವಾನ ಆಚೆ ಇಟ್ಟು ಬರೋದಾದ್ರೆ ಬನ್ನಿ," ಎನ್ನುತ್ತಿದ್ದಳು. ಅವನು ಕಿಟಕಿಯಿಂದ ನೋಡುತ್ತಿದ್ದ. ಐದನೇ ದಿನದ ಸಂಜೆ ಕಿಟಕಿಗೆ ಮೂಗು ಒತ್ತಿ ನಿಂತ. ಕಿವಿ ಅದುರಲಿಲ್ಲ. ಚಿಮ್ಮಲಿಲ್ಲ. ಬುಜ್ಜಿ ವರಲಕ್ಷ್ಮಮ್ಮನ ಸೆರಗಿನಿಂದ ಕಡ್ಲೆಕಾಯಿ ಬೀಜ ಕದ್ದು ಸೀರೆಯಡಿ ಬಚ್ಚಿಡುತ್ತಿದ್ದಳು. ಕಳ್ಳತನವಾದರೂ ಉಳಿದಿದೆಯಲ್ಲ ಎಂದು ಅವನಿಗೆ ಕಣ್ಣು ಮಂಜಾಯಿತು.

ಹದಿನಾಲ್ಕನೇ ದಿನ ಭಾನುವಾರ. ಹರಿತಾ ಬಂದಳು. ಕೋನಪ್ಪ, ಗಂಗುಲಮ್ಮ ಕರೆಯದೆ ಬಂದರು. ಪಂಜರವನ್ನು ನಡುಮನೆಗೆ ತಂದು ಬಾಗಿಲು ತೆಗೆದರು. ಮುನಿವೆಂಕಟಪ್ಪ ಎಣ್ಣೆ ನೀರು ಹಾಕಿಕೊಂಡು, ಒಗೆದ ಅಂಗಿ ತೊಟ್ಟು, ಮಂಡಿಯೂರಿ ಕೂತು ಎಡ ಹೆಗಲು ತಗ್ಗಿಸಿದ. ಉಸಿರು ಹಿಡಿದ. ಊರೇ ಉಸಿರು ಹಿಡಿಯಿತು. ಅರ್ಧ ಗಂಟೆ ಸಾದಲಿಯಲ್ಲಿ ಎಲೆ ಅಲ್ಲಾಡಲಿಲ್ಲ.

ಬುಜ್ಜಿ ಹೊರಬಂದಳು. ಕೆನ್ನೆ ತುಂಬಿತ್ತು, ಮೈ ಮಿರುಗುತ್ತಿತ್ತು. ಅವನ ಹೆಬ್ಬೆರಳು ಮೂಸಿದಳು. ಕಿವಿಯತ್ತ ಒಮ್ಮೆ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು, ಸೀದಾ ಹೋಗಿ, ವರಲಕ್ಷ್ಮಮ್ಮನ ಸೀರೆ ಹತ್ತಿ, ಆಕೆಯ ಹೆಗಲ ಮೇಲೆ ಕೂತು, ಹಲ್ಲು ಕಟಕಟ ಎನ್ನಿಸಿದಳು.

"ನೋಡಿದ್ರಾ! ನೋಡಿದ್ರಾ!" ಮುನಿವೆಂಕಟಪ್ಪ ಎದ್ದು ನಿಂತ. "ನಾನು ಹೇಳ್ಲಿಲ್ವಾ? ಆಪರೇಷನ್ನಿಂದ ಬುದ್ಧಿ ಕೆಟ್ಟೋಯ್ತು ಇವಳಿಗೆ! ಸ್ವಭಾವಾನೇ ಬದಲಾಗೋಯ್ತು!"

"ಅದೇ ನಾನು ಹೇಳಿದ್ದು," ಎಂದ ಕೋನಪ್ಪ.

"ನೀನು ಸುಮ್ನಿರಯ್ಯ," ಎಂದಳು ಗಂಗುಲಮ್ಮ.

ಹರಿತಾ ತಾತನ ಕೈ ಹಿಡಿದು ಕೂರಿಸಿದಳು. "ತಾತ, ಹಲ್ಲು ಮಸೀತಾ ಇದಾಳಾ?"

"ಹೂಂ."

"ಕದೀತಾ ಇದಾಳಾ?"

"ಹೂಂ. ಬೆಳಿಗ್ಗೆ ಕಿಟಕೀಲಿಟ್ಟಿದ್ದ ನನ್ನ ಬೀಡಿ ಕಟ್ಟಿನ ದಾರಾನೇ ಎಳ್ಕೊಂಡೋದ್ಲು."

"ಹೆಗಲು ಹತ್ತುತಾ ಇದಾಳಾ?"

"ಹತ್ತುತಾಳೆ, ಆದ್ರೆ ಯಾರ್ದು!"

"ಹಂಗಾದ್ರೆ ಅವಳು ಅವಳೇ. ಬದಲಾಗಿರೋದು ಹೆಗಲೊಂದೇ. ಅದನ್ನ ಡಾಕ್ಟರ್ ಬದಲಾಯಿಸಿಲ್ಲ ತಾತ."

ನೋವಿನಲ್ಲಿ ಮುದುಡಿ ಕೂತಿದ್ದ ಬುಜ್ಜಿ, ಬಟ್ಟಲಿದ್ದ ಜಾಗ ನೋಡಿದ ಆ ನೋಟ, ಮುನಿವೆಂಕಟಪ್ಪನ ಕಣ್ಣ ಮುಂದೆ ಬಂತು.

"ಉಪವಾಸ ಕೆಡವಿದ್ದು ನಾನೇ," ಎಂದ ಮೆಲ್ಲಗೆ. ಆಮೇಲೆ, ಕೋನಪ್ಪ ದಂಪತಿ ಎದುರಿಗಿರುವುದನ್ನೂ ಮರೆತು, ಹೆಂಡತಿಯ ಹೆಗಲ ಮೇಲಿದ್ದ ಜೀವಕ್ಕೆ ಕೈ ಮುಗಿದ. "ತಪ್ಪಾಯ್ತು ಕಣಮ್ಮ. ಗೊತ್ತಾಗ್ಲಿಲ್ಲ."

ಯಾರೂ ನಗಲಿಲ್ಲ. ಕೋನಪ್ಪ ನಗಲು ಹೊರಟಿದ್ದ, ಗಂಗುಲಮ್ಮ ಅವನ ಕಾಲು ತುಳಿದಳು.

"ಕೈ ಮುಗಿದ್ರೆ ಹೊಟ್ಟೆ ತುಂಬಲ್ಲ," ಎಂದು ವರಲಕ್ಷ್ಮಮ್ಮ ಅಡುಗೆಮನೆಗೆ ನಡೆದಳು, ದನಿಯಲ್ಲಿ ಮೊದಲಿನ ಖಾರವಿರಲಿಲ್ಲ. "ಬನ್ನಿ ಒಳಗೆ. ಅವರೆಕಾಳು ನೆನೆಹಾಕಿದೀನಿ. ಹಿತುಕಿ ಕೊಡಿ. ಬುಜ್ಜಿಗೆ ಬೆಂದ ಹಿತುಕಿದ ಬೇಳೆ ಅಂದ್ರೆ ಪ್ರಾಣ. ನಿಮ್ಮ ಕೈಯಿಂದ್ಲೇ ಕೊಡಿ, ನೋಡಣ."

ಮದುವೆಯಾಗಿ ನಲವತ್ತೆರಡು ವರ್ಷದಲ್ಲಿ ಮುನಿವೆಂಕಟಪ್ಪ ಅಡುಗೆಮನೆಯ ಹೊಸಿಲು ದಾಟಿದ್ದು ಊಟಕ್ಕಷ್ಟೇ. ಈವತ್ತು ಪಾತ್ರೆ ಮುಂದೆ ಕೂತು ಒಂದೊಂದೇ ಕಾಳಿನ ಸಿಪ್ಪೆ ಹಿತುಕತೊಡಗಿದ. ಮೊದಲ ಕಾಳು ಚಿಮ್ಮಿ ಕಿಟಕಿಯಿಂದ ಹಾರಿ ಕೋನಪ್ಪನ ಹಿತ್ತಲಿಗೆ ಬಿತ್ತು. ಎರಡನೆಯದು ಅವನ ಕಣ್ಣಿಗೇ ಬಡಿಯಿತು. ಮೂರನೆಯದರಿಂದ ಕೈ ಹದಕ್ಕೆ ಬಂತು. ವರಲಕ್ಷ್ಮಮ್ಮ ಒಂದು ಹಿಡಿ ಬೇಯಿಸಿ ಆರಿಸಿ ಅವನ ಮುಂದಿಟ್ಟಳು.

ಅವನು ಒಂದು ಬೇಳೆಯನ್ನು ಅಂಗೈಯಲ್ಲಿಟ್ಟು ನೆಲದ ಮೇಲೆ ಚಾಚಿದ. ಬುಜ್ಜಿ ಇಳಿದು ಬಂದಳು, ತೆಗೆದುಕೊಂಡಳು, ಓಡಿ ಹೋಗಿ ವರಲಕ್ಷ್ಮಮ್ಮನ ಮಡಿಲಲ್ಲಿ ಕೂತು ತಿಂದಳು. ಎರಡನೆಯದೂ ಹಾಗೆಯೇ. ಹತ್ತನೆಯದೂ ಹಾಗೆಯೇ. ಇಪ್ಪತ್ತನೆಯದಕ್ಕೆ ಅಷ್ಟು ದೂರ ಓಡುವುದು ಬೇಸರವಾಗಿ ನಡುದಾರಿಯಲ್ಲಿ ಕೂತು ತಿಂದಳು. ಮುನಿವೆಂಕಟಪ್ಪ ಮಿಸುಕಲಿಲ್ಲ, ಕರೆಯಲಿಲ್ಲ, ಹೆಗಲು ತಗ್ಗಿಸಲಿಲ್ಲ. ಸುಮ್ಮನೆ ಹಿತುಕಿದ, ಸುಮ್ಮನೆ ಚಾಚಿದ. ಪಾತ್ರೆಯ ತುಂಬ ಬೇಳೆ, ಸುತ್ತ ಸಿಪ್ಪೆಯ ಗುಡ್ಡ. ಅಂಥ ಗುಡ್ಡವನ್ನು ನಂದಿಬೆಟ್ಟದ ಪಕ್ಕದಲ್ಲಿಟ್ಟರೆ ನಂದಿಬೆಟ್ಟಕ್ಕೇ ಸಂಕೋಚವಾಗಬೇಕು.

ಕೊನೆಗೊಮ್ಮೆ ಬುಜ್ಜಿ ಬೇಳೆ ಎತ್ತಿಕೊಂಡು, ಆಚೀಚೆ ನೋಡಿ, ಅವನ ಮಂಡಿಯ ಮೇಲೆ ಹತ್ತಿ, ಅವನಿಗೆ ಬೆನ್ನು ಮಾಡಿ ಕೂತು ತಿನ್ನತೊಡಗಿದಳು.

"ಇನ್ನೂ ಸಿಟ್ಟೈತೆ," ಎಂದು ಪಿಸುಗುಟ್ಟಿದ ಮುನಿವೆಂಕಟಪ್ಪ, ಮಂಡಿ ಅಲುಗದಂತೆ ಉಸಿರು ಬಿಗಿಹಿಡಿದು. "ಆದ್ರೂ ಕೂತವ್ಳೆ. ಲೇ ಇವ್ಳೇ, ನಾಳೆಗೆ ಇನ್ನೊಂದು ಸೇರು ನೆನೆಹಾಕು."